ಹೆತ್ತವರ ಮಾತೂ ಚಿಕಿತ್ಸೆಯ ಒಂದು ಭಾಗ

ಮಕ್ಕಳ ವಾರ್ಡಿನಲ್ಲಿ ವೈದ್ಯರು ಬೆಳಗಿನ ಸುತ್ತಿಗೆ ಬಂದಿರುತ್ತಾರೆ. ಹಾಸಿಗೆಯ ಬಳಿ ನಿಂತು "ಮಗು ಹೇಗಿದೆಯಮ್ಮಾ?" ಎಂದು ಕೇಳುತ್ತಾರೆ. ತಾಯಿ ಎದ್ದು ನಿಂತು, ಸೆರಗು ಸರಿಪಡಿಸಿಕೊಂಡು, "ಪರವಾಗಿಲ್ರೀ ಸರ್" ಎನ್ನುತ್ತಾಳೆ. ವೈದ್ಯರು ಮುಂದಿನ ಹಾಸಿಗೆಗೆ ಹೋದ ಮೇಲೆ ಪಕ್ಕದವಳೊಡನೆ ಮೆಲ್ಲಗೆ ಹೇಳುತ್ತಾಳೆ: "ರಾತ್ರಿಯಿಂದ ಕೂಸು ಒಂದು ಸಲಾನೂ ಮೂತ್ರ ಮಾಡಿಲ್ರೀ." ವಾಂತಿಭೇದಿಯಿಂದ ಬಳಲುವ ಮಗುವಿನಲ್ಲಿ ಮೂತ್ರ ನಿಲ್ಲುವುದು ದೇಹದ ನೀರು ಬತ್ತುತ್ತಿರುವುದರ ಸೂಚನೆ. ವೈದ್ಯರು ಮೊದಲು ತಿಳಿಯಬೇಕಾದ ಆ ಸಂಗತಿ ಪಕ್ಕದ ಹಾಸಿಗೆಯವರೆಗೆ ಮಾತ್ರ ತಲುಪಿತು.

ಇಂಥ ದೃಶ್ಯವನ್ನು ನಾವೆಲ್ಲರೂ ಕಂಡಿದ್ದೇವೆ. ಎಷ್ಟೋ ಸಲ ಆ ತಾಯಿಯ ಸ್ಥಾನದಲ್ಲಿ ನಾವೇ ನಿಂತಿದ್ದೇವೆ. ವೈದ್ಯರ ಮೇಲಿನ ಗೌರವ ನಮ್ಮ ಬಾಯಿ ಕಟ್ಟುತ್ತದೆ. ಪ್ರಶ್ನೆ ಕೇಳಿದರೆ ಸಿಟ್ಟಾದಾರು, ಆಮೇಲೆ ಮಗುವನ್ನು ಸರಿಯಾಗಿ ನೋಡಲಿಕ್ಕಿಲ್ಲ ಎಂಬ ಅಂಜಿಕೆಯೂ ಇರುತ್ತದೆ. ಆದರೆ ಗೌರವವೆಂದರೆ ಮೌನವಲ್ಲ. ಕಂಡದ್ದನ್ನು ಹೇಳುವುದು, ತಿಳಿಯದ್ದನ್ನು ಕೇಳುವುದು ವೈದ್ಯರ ಕಾಯಕಕ್ಕೆ ನಾವು ನೀಡುವ ನೆರವು ಎಂಬುದು ನಮ್ಮ ಖಚಿತ ಅಭಿಪ್ರಾಯ. ವೈದ್ಯರು ಮಗುವನ್ನು ದಿನಕ್ಕೆ ಕೆಲವೇ ನಿಮಿಷ ನೋಡುತ್ತಾರೆ. ಶುಶ್ರೂಷಕಿಯರು ಪಾಳಿಗೊಮ್ಮೆ ಬದಲಾಗುತ್ತಾರೆ. ಹಗಲಿರುಳು ಮಗುವಿನ ಬಳಿ ಇದ್ದು, ಅದರ ಎಂದಿನ ಅಳು ಯಾವುದು, ಎಂದಿನಂತಲ್ಲದ ಅಳು ಯಾವುದು ಎಂದು ಬಲ್ಲವರು ಹೆತ್ತವರು ಮಾತ್ರ.

ಇದು ಓದು ಬರಹ ಅರಿಯದವರ ಸಂಕೋಚವಷ್ಟೇ ಎಂದು ತಿಳಿಯಬಾರದು. 2021ರಲ್ಲಿ ಇಂಗ್ಲೆಂಡಿನ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಬಾಲಕಿ ಸೈಕಲಿನಿಂದ ಬಿದ್ದಾಗ ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಗ ಸೋಂಕು ಮೈಯೆಲ್ಲ ವ್ಯಾಪಿಸಿತು. ಆಕೆಯ ತಾಯಿ ಮೆರೋಪ್ ಮಿಲ್ಸ್ ಪತ್ರಕರ್ತೆ, ಸುಶಿಕ್ಷಿತೆ. ಅವರು ತಮ್ಮ ಆತಂಕವನ್ನು ಹೇಳಿಕೊಂಡರೂ ದೊರೆತದ್ದು ಸಮಾಧಾನದ ಮಾತುಗಳು. ಮಾರ್ಥಾ ಉಳಿಯಲಿಲ್ಲ. ಸಕಾಲದಲ್ಲಿ ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದರೆ ಆಕೆ ಬದುಕುವ ಸಂಭವವೇ ಹೆಚ್ಚಿತ್ತೆಂದು 2022ರಲ್ಲಿ ಅಧಿಕೃತ ವಿಚಾರಣೆ ಹೇಳಿತು. ಹೆತ್ತವರು ದುಃಖವನ್ನು ನುಂಗಿ ಹೋರಾಡಿದರು. ಅದರ ಫಲವಾಗಿ 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 'ಮಾರ್ಥಾ ನಿಯಮ' ಹಂತಹಂತವಾಗಿ ಜಾರಿಗೆ ಬಂದಿದೆ. ರೋಗಿಯ ಸ್ಥಿತಿ ಹದಗೆಡುತ್ತಿದೆ ಎಂದು ಮನೆಯವರಿಗೆ ಅನ್ನಿಸಿದರೆ, ಹಗಲಾಗಲಿ ಇರುಳಾಗಲಿ, ಬೇರೊಂದು ವೈದ್ಯತಂಡ ಬಂದು ನೋಡಬೇಕೆಂದು ಅವರು ಕೋರಬಹುದು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 2007ರಲ್ಲಿ ರಯಾನ್ ಸಾಂಡರ್ಸ್ ಎಂಬ ಪುಟ್ಟ ಬಾಲಕ ಸೋಂಕಿನಿಂದ ತೀರಿಕೊಂಡ. ಅವನ ಹೆತ್ತವರ ಆತಂಕಕ್ಕೂ ತಕ್ಕ ಬೆಲೆ ದೊರೆತಿರಲಿಲ್ಲ. ಅವನ ಹೆಸರಿನ ನಿಯಮ ಮೂರು ಮೆಟ್ಟಿಲುಗಳದು. ಮೊದಲು ಶುಶ್ರೂಷಕಿಗೆ ಅಥವಾ ವೈದ್ಯರಿಗೆ ಹೇಳುವುದು. ಸಮಾಧಾನವಾಗದಿದ್ದರೆ ಪಾಳಿಯ ಮುಖ್ಯ ಶುಶ್ರೂಷಕಿಗೆ ಹೇಳುವುದು. ಆಗಲೂ ಆಗದಿದ್ದರೆ ನಿಗದಿತ ದೂರವಾಣಿಗೆ ಕರೆ ಮಾಡಿ ಮರುಪರೀಕ್ಷೆ ಕೋರುವುದು.

ನಮ್ಮ ಆಸ್ಪತ್ರೆಗಳಲ್ಲಿ ಅಂಥ ದೂರವಾಣಿ ಇರಲಿಕ್ಕಿಲ್ಲ. ಮೆಟ್ಟಿಲುಗಳು ಇದ್ದೇ ಇವೆ. ಶುಶ್ರೂಷಕಿ, ಬಳಿಕ ಪಾಳಿಯ ವೈದ್ಯರು, ಬಳಿಕ ಮಗುವಿನ ಹೊಣೆ ಹೊತ್ತ ತಜ್ಞರು, ಕೊನೆಗೆ ವೈದ್ಯಕೀಯ ಅಧೀಕ್ಷಕರು. ರಾತ್ರಿ ಎರಡು ಗಂಟೆಯೆಂದು ಹಿಂಜರಿಯಬೇಕಾಗಿಲ್ಲ. ಮಗು ಹಾಲನ್ನಾಗಲಿ ನೀರನ್ನಾಗಲಿ ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್ ಬರುವುದು, ಎಬ್ಬಿಸಿದರೂ ಏಳದೆ ಮಂಕಾಗಿರುವುದು, ಏದುಸಿರು, ಉಸಿರೆಳೆದಾಗ ಪಕ್ಕೆ ಒಳಸೇರುವುದು, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಿನ ಸುತ್ತಿಗಾಗಿ ಕಾಯಬಾರದು.

ಹೇಳುವ ರೀತಿಯಲ್ಲೂ ವಿವೇಕವಿರಲಿ. ಮೊಬೈಲಿನಲ್ಲಿ ಓದಿದ ರೋಗದ ಹೆಸರನ್ನು ವೈದ್ಯರ ಮುಂದಿಡುವುದರಿಂದ ಪ್ರಯೋಜನ ಕಡಿಮೆ. "ಸಂಜೆ ಆರರಿಂದ ಏನೂ ಕುಡಿದಿಲ್ಲ, ಮೂರು ಸಲ ವಾಂತಿಯಾಗಿದೆ" ಎಂದು ಕಂಡದ್ದನ್ನು ಹೊತ್ತಿನ ಸಮೇತ ಹೇಳಿದರೆ ಅದು ತಕ್ಷಣ ಉಪಯೋಗಕ್ಕೆ ಬರುತ್ತದೆ. ಇದಕ್ಕೊಂದು ಸಣ್ಣ ನೋಟುಪುಸ್ತಕ ಸಾಕು. ಮಗುವಿನ ಈಗಿನ ತೂಕ, ಹಿಂದೆ ಒಗ್ಗದ ಔಷಧ, ಮನೆಯಲ್ಲಿ ಕೊಟ್ಟ ಔಷಧ ಅದರಲ್ಲಿರಲಿ. ಮಕ್ಕಳಿಗೆ ಔಷಧದ ಪ್ರಮಾಣವನ್ನು ತೂಕ ನೋಡಿ ನಿರ್ಧರಿಸುತ್ತಾರೆ. ತೂಕ ತಪ್ಪಾದರೆ ಪ್ರಮಾಣವೂ ತಪ್ಪುತ್ತದೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಹನಿಗಳಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ. ಔಷಧವಿದ್ದರೆ, ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ. ಇರುತ್ತದೆ. ಸಿರಪ್ಪಿನ ಲೆಕ್ಕದಲ್ಲಿ ಹನಿಗಳನ್ನು ಕೊಟ್ಟರೆ ಮಗುವಿನ ಹೊಟ್ಟೆ ಸೇರುವುದು ನಾಲ್ಕು ಪಟ್ಟು. "ಇದು ಯಾವ ಔಷಧ, ಎಷ್ಟು, ಏತಕ್ಕೆ?" ಎಂದು ಕೇಳಿದರೆ ತಪ್ಪೇನೂ ಇಲ್ಲ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅದರ ಲಾಭ, ಅಪಾಯ, ಬೇರೆ ದಾರಿ ಇದೆಯೇ ಎಂಬುದನ್ನು ಕನ್ನಡದಲ್ಲೇ ವಿವರಿಸುವಂತೆ ಕೋರಬೇಕು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿಸಂಹಿತೆಯ 2002ರ ನಿಯಮವೇ ಹೇಳುತ್ತದೆ.

ಇಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಬಂಧುಬಳಗವನ್ನು ಕೂಡಿಸಿಕೊಂಡು ವಾರ್ಡಿಗೆ ನುಗ್ಗುವುದು, ಕೂಗಾಡುವುದು, ಕೈ ಎತ್ತುವುದು ಮಗುವಿನ ಪರವಾಗಿ ನಿಲ್ಲುವ ಬಗೆಯಲ್ಲ. ಅದು ಚಿಕಿತ್ಸೆಯನ್ನು ಕೆಡಿಸುತ್ತದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ನಮ್ಮ ರಾಜ್ಯದ 2009ರ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧವೂ ಹೌದು. ಒಂದೊಂದು ಪಾಳಿಯಲ್ಲಿ ಹತ್ತಾರು ಮಕ್ಕಳನ್ನು ನೋಡಿಕೊಳ್ಳುವ ಶುಶ್ರೂಷಕಿಯೂ ಯಾರದೋ ಮನೆಯ ಮಗಳೇ. ಮನೆಯವರಲ್ಲಿ ಒಬ್ಬರು ಮಾತನಾಡಲಿ, ದನಿ ತಗ್ಗಿರಲಿ, ಮಾತು ಗಟ್ಟಿಯಿರಲಿ.

ಆಸ್ಪತ್ರೆಗಳಿಗೂ ನಮ್ಮದೊಂದು ಬಿನ್ನಹ. "ನಿಮ್ಮ ಮಗುವಿನ ಬಗ್ಗೆ ಆತಂಕವಾದರೆ ಮೊದಲು ಇವರಿಗೆ ಹೇಳಿ, ಸಮಾಧಾನವಾಗದಿದ್ದರೆ ಇವರನ್ನು ಕರೆಯಿರಿ" ಎಂಬ ಫಲಕವನ್ನು ಪ್ರತಿ ಮಕ್ಕಳ ವಾರ್ಡಿನಲ್ಲಿ ಕನ್ನಡದಲ್ಲಿ ತೂಗುಹಾಕಲು ಹೆಚ್ಚಿನ ಖರ್ಚೇನೂ ಇಲ್ಲ. ಮಠಮಾನ್ಯಗಳ ಆಶ್ರಯದಲ್ಲಿ ನಡೆಯುವ ಆಸ್ಪತ್ರೆಗಳೇ ಇದಕ್ಕೆ ಮೇಲ್ಪಂಕ್ತಿ ಹಾಕಲಿ. ಸುತ್ತಿಗೆ ಬಂದ ವೈದ್ಯರು "ಹೇಗಿದೆ?" ಎಂಬುದರ ಜೊತೆಗೆ "ನಿನ್ನೆಗಿಂತ ಏನು ವ್ಯತ್ಯಾಸ ಕಂಡಿರಿ, ತಾಯಿ?" ಎಂದೂ ಕೇಳಲಿ. ಹಾಗೆ ಕೇಳಿದ ದಿನ ಆ ತಾಯಿಗೆ ಪಕ್ಕದ ಹಾಸಿಗೆಯವಳ ಬಳಿ ಹೇಳಿಕೊಳ್ಳಲು ಏನೂ ಉಳಿದಿರುವುದಿಲ್ಲ.