ಕಸದ ಗುಡ್ಡವನ್ನು ಕಾಯುವವರು ಯಾರು?

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದ್ದರಿಂದ ಗಣಿಯ ತ್ಯಾಜ್ಯರಾಶಿಗಳ ಭದ್ರತೆ ನಮಗೆ ಸಂಬಂಧಿಸಿದ ವಿಷಯವಲ್ಲವೆಂದು ಬೆಂಗಳೂರಿನ ಓದುಗರಿಗೆ ಅನ್ನಿಸುವುದು ಸಹಜ. ಆದರೆ ಮನುಷ್ಯ ಪೇರಿಸಿದ ರಾಶಿ ಯಾವುದರದ್ದೇ ಆಗಿರಲಿ, ಕಲ್ಲಿದ್ದಲಿನ ಹೂಳಾಗಲಿ, ನಗರದ ಕಸವಾಗಲಿ, ಅದು ನಿಲ್ಲುವ ಮತ್ತು ಕುಸಿಯುವ ನಿಯಮ ಬಹುಮಟ್ಟಿಗೆ ಒಂದೇ. ಬುಡ ಗಟ್ಟಿಯಾಗಿರಬೇಕು, ಇಳಿಜಾರು ಹದವಾಗಿರಬೇಕು, ಒಳಗೆ ನೀರು ನಿಲ್ಲಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ವರ್ಷಗಟ್ಟಲೆ ಅಲುಗಾಡದೆ ನಿಂತ ಗುಡ್ಡ ನಿಮಿಷಗಳಲ್ಲಿ ಜಾರಿಬಿಡಬಹುದು.

1966ರ ಅಕ್ಟೋಬರ್ 21ರಂದು ವೇಲ್ಸ್‌ನ ಅಬರ್‌ಫ್ಯಾನ್ ಎಂಬ ಹಳ್ಳಿಯಲ್ಲಿ ಆದದ್ದು ಅದೇ. ಬೆಟ್ಟದ ಮೇಲೆ ಸುರಿದಿದ್ದ ಗಣಿತ್ಯಾಜ್ಯ ಕೆಸರಾಗಿ ಹರಿದು ಶಾಲೆಯನ್ನು ಮುಚ್ಚಿತು. ಸತ್ತವರು 144 ಮಂದಿ. ಅವರಲ್ಲಿ 116 ಮಕ್ಕಳು. ಆ ರಾಶಿಯನ್ನು ನೀರಿನ ಒರತೆಯ ಮೇಲೆ ಪೇರಿಸಲಾಗಿತ್ತು, ಮತ್ತು ಒರತೆಯ ಗುರುತು ನಕ್ಷೆಯಲ್ಲಿಯೇ ಇತ್ತು. ಶಾಲೆಯ ಹಿಂದಿನ ಅಪಾಯದ ಬಗ್ಗೆ ಸ್ಥಳೀಯ ಆಡಳಿತದಿಂದ 1963ರಲ್ಲಿಯೇ ಪತ್ರ ಹೋಗಿತ್ತು. ಬ್ರಿಟನ್ನಿನಲ್ಲಿ ಇಂಥ ರಾಶಿಗಳಿಗೆಂದೇ ಕಾಯ್ದೆ ಬಂದದ್ದು 1969ರಲ್ಲಿ, ಮಕ್ಕಳು ಮಣ್ಣಾದ ಮೇಲೆ.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 2016ರ ಡಿಸೆಂಬರ್‌ನಲ್ಲಿ ಜಾರ್ಖಂಡ್‌ನ ಲಾಲ್‌ಮಟಿಯಾ ಗಣಿಯಲ್ಲಿ ಮೇಲ್ಮಣ್ಣಿನ ರಾಶಿ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಕಸದ ಗುಡ್ಡಗಳ ಕಥೆ ಇನ್ನೂ ದೊಡ್ಡದು. 2005ರಲ್ಲಿ ಇಂಡೊನೇಷ್ಯಾದ ಲ್ಯುವಿಗಜದಲ್ಲಿ 140ಕ್ಕೂ ಹೆಚ್ಚು ಜನ ಸತ್ತರು. 2017ರ ಏಪ್ರಿಲ್‌ನಲ್ಲಿ, ಹೊಸ ವರ್ಷದ ಹಬ್ಬದ ದಿನವೇ, ಕೊಲಂಬೊ ಬಳಿಯ ಮೀತೊಟಮುಲ್ಲದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದೆಹಲಿಯ ಗಾಜಿಪುರದ ಗುಡ್ಡ ರಸ್ತೆಗೆ ಜಾರಿ ಇಬ್ಬರ ಜೀವ ತೆಗೆಯಿತು.

ಈಗ ನಮ್ಮ ಅಂಗಳಕ್ಕೆ ಬರೋಣ. 2012ರಲ್ಲಿ ಮಾವಳ್ಳಿಪುರವೂ 2014ರ ಕೊನೆಗೆ ಮಂಡೂರೂ ಬೆಂಗಳೂರಿನ ಕಸಕ್ಕೆ ಬಾಗಿಲು ಹಾಕಿದ ಮೇಲೆ ಲಾರಿಗಳು ಹೆಚ್ಚಾಗಿ ಮುಖ ಮಾಡಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನತ್ತ. ಗುಂಡ್ಲಹಳ್ಳಿ, ಚಿಗರೇನಹಳ್ಳಿಗಳ ಹೆಸರು ನಗರದವರಿಗೆ ಗೊತ್ತಾದದ್ದೇ ಅಲ್ಲಿಯ ಜನ ರಸ್ತೆಗೆ ಇಳಿದಾಗ. ದುರ್ವಾಸನೆ, ನೊಣ, ಕೆಟ್ಟ ನೀರು ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ರಾಶಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳಿದವರು ಕಡಿಮೆ. ಇಂಥ ಗುಡ್ಡಗಳು ನಾಳೆಯೇ ಕುಸಿಯುತ್ತವೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಕುಸಿಯುವುದಿಲ್ಲವೆಂದು ಹೇಳಬೇಕಾದವರು ಯಾರು, ಯಾವ ಆಧಾರದ ಮೇಲೆ ಹೇಳಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ನಾನು ತಪಾಸಣಾ ವರದಿಗಳನ್ನು ರಾಶಿರಾಶಿಯಾಗಿ ಓದಿದ್ದೇನೆ. ‘ಸ್ಥಿತಿ ತೃಪ್ತಿಕರ’ ಎಂಬ ಎರಡು ಪದಗಳಷ್ಟು ಅಪಾಯಕಾರಿಯಾದವು ಕಡತಗಳಲ್ಲಿ ಬೇರೆ ಇಲ್ಲ. 1972ರಲ್ಲಿ ಅಮೆರಿಕದ ಬಫಲೊ ಕ್ರೀಕ್‌ನಲ್ಲಿ ಕಲ್ಲಿದ್ದಲು ತ್ಯಾಜ್ಯದಿಂದ ಕಟ್ಟಿದ್ದ ಒಡ್ಡು ಒಡೆದು 125 ಜನ ಸತ್ತರು. ಅದಕ್ಕೆ ನಾಲ್ಕೇ ದಿನ ಮೊದಲು ಸರ್ಕಾರಿ ತಪಾಸಕರು ಅದನ್ನು ತೃಪ್ತಿಕರವೆಂದು ದಾಖಲಿಸಿದ್ದರು. ತಪಾಸಣೆಯೆಂದರೆ ಜೀಪಿನಿಂದ ಇಳಿದು ನೋಡಿಬರುವುದಲ್ಲ. ನೆತ್ತಿಯಲ್ಲಿ ಬಿರುಕು ಬಿಟ್ಟಿದೆಯೇ, ಬುಡ ಉಬ್ಬಿದೆಯೇ, ಪಕ್ಕದಿಂದ ಹೊಸದಾಗಿ ನೀರು ಒಸರುತ್ತಿದೆಯೇ, ಚರಂಡಿ ಕಟ್ಟಿಕೊಂಡಿದೆಯೇ, ಒಳಗೆ ಬೆಂಕಿ ಹೊಗೆಯಾಡುತ್ತಿದೆಯೇ, ಇಳಿಜಾರು ಕಳೆದ ಸಲಕ್ಕಿಂತ ಕಡಿದಾಗಿದೆಯೇ ಎಂದು ಅಳತೆ ಮಾಡಿ, ಹಿಂದಿನ ಅಳತೆಯೊಡನೆ ಹೋಲಿಸಿ ಬರೆಯುವುದು. ಕಸದ ವಿಷಯದಲ್ಲಿ ಇದು ಇನ್ನೂ ಅಗತ್ಯ. ಏಕೆಂದರೆ ಕಸ ಕೊಳೆಯುತ್ತದೆ, ಕುಗ್ಗುತ್ತದೆ, ಮೀಥೇನ್ ಹೊರಸೂಸುತ್ತದೆ. ಅದು ಹೋದ ವರ್ಷ ಇದ್ದಂತೆ ಈ ವರ್ಷ ಇರುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಹಳೆಯ ಪಾಠವೊಂದು ಕಾಣುತ್ತದೆ. ಲಾಭ ಪಡೆಯುವವರು ಒಬ್ಬರು, ಅಪಾಯ ಹೊರುವವರು ಇನ್ನೊಬ್ಬರಾದಾಗ ಎಚ್ಚರಿಕೆಗೆ ಯಾರೂ ಹಣ ಕೊಡುವುದಿಲ್ಲ. ಕಸ ಮನೆಯಿಂದ ಹೊರಟರೆ ನಗರದವರ ಜವಾಬ್ದಾರಿ ಮುಗಿಯಿತು. ಟನ್ನಿನ ಲೆಕ್ಕದಲ್ಲಿ ಹಣ ಸಂದರೆ ಗುತ್ತಿಗೆದಾರರದ್ದೂ ಮುಗಿಯಿತು. ರಾಶಿ ಮಾತ್ರ ಹಳ್ಳಿಯಲ್ಲೇ ಉಳಿಯುತ್ತದೆ. ಘಟಕಕ್ಕೆ ಬೀಗ ಬಿದ್ದಾಗ ನಾವು ಗೆದ್ದೆವೆಂದುಕೊಳ್ಳುತ್ತೇವೆ. ಆದರೆ ಬೀಗ ಹಾಕಿದ ಮೇಲೆ ಮಳೆಯೇನೂ ನಿಲ್ಲುವುದಿಲ್ಲ. ಕಾವಲುಗಾರ, ಪಂಪು, ಇಂಜಿನಿಯರು ಮಾತ್ರ ಹೊರಟುಹೋಗುತ್ತಾರೆ. ಕಲ್ಲಿದ್ದಲು ಗಣಿಗಳಿಗಾಗಿ ಕೇಂದ್ರ ಸರ್ಕಾರ 2009ರಲ್ಲಿ ತಂದ ಮಾರ್ಗಸೂಚಿಯಂತೆ, ಗಣಿ ಮುಚ್ಚುವ ವೆಚ್ಚವನ್ನು ಗಣಿ ನಡೆಯುತ್ತಿರುವಾಗಲೇ ಪ್ರತ್ಯೇಕ ಖಾತೆಯಲ್ಲಿ ಕಟ್ಟಬೇಕು. ಕಸದ ಗುತ್ತಿಗೆಗೂ ಇದೇ ಶಿಸ್ತು ಬೇಕು.

ಮಾಡಬೇಕಾದದ್ದು ದುಬಾರಿಯೇನಲ್ಲ. ನಡೆಯುತ್ತಿರಲಿ, ಮುಚ್ಚಿರಲಿ, ಜಿಲ್ಲೆಯ ಪ್ರತಿ ರಾಶಿಗೂ ಹೆಸರು ಹಿಡಿದು ಒಬ್ಬ ಅಧಿಕಾರಿಯನ್ನು ಹೊಣೆ ಮಾಡಬೇಕು. ಈ ಭಾಗದಲ್ಲಿ ದೊಡ್ಡ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಆದ್ದರಿಂದ ಮುಂಗಾರಿಗೆ ಮೊದಲು ಒಮ್ಮೆ, ಆಗಸ್ಟ್ ಕೊನೆಗೆ ಇನ್ನೊಮ್ಮೆ ಮಣ್ಣು ತಂತ್ರಜ್ಞಾನ ಬಲ್ಲ ಇಂಜಿನಿಯರಿಂದ ಅಳತೆ ಸಹಿತ ತಪಾಸಣೆಯಾಗಬೇಕು. ಪ್ರತಿ ಭಾರಿ ಮಳೆಯ ಮರುದಿನ ಸ್ಥಳದ ಸಿಬ್ಬಂದಿ ಒಂದು ಸುತ್ತು ಹಾಕಬೇಕು. ವರದಿಯ ಪ್ರತಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕದಲ್ಲಿರಬೇಕು. ಬಿರುಕನ್ನು ಮೊದಲು ಕಾಣುವವರು ಆ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವರು. ಅವರ ದೂರನ್ನು ದಾಖಲಿಸಲು ಪುಸ್ತಕವೊಂದಿರಬೇಕು, ಅದಕ್ಕೆ ಇಂತಿಷ್ಟು ದಿನದೊಳಗೆ ಲಿಖಿತ ಉತ್ತರ ಸಿಗಬೇಕು. ಇದಕ್ಕೆಲ್ಲ ತಗಲುವ ವೆಚ್ಚವನ್ನು ಭರಿಸಬೇಕಾದವರು ಕಸ ಕಳಿಸಿದ ನಗರದವರೇ, ಕೇವಲ ಘಟಕ ನಡೆಯುವಷ್ಟು ದಿನವಲ್ಲ, ರಾಶಿ ಇರುವಷ್ಟು ದಿನ.

ಅಬರ್‌ಫ್ಯಾನ್‌ನ ಜನರಿಗೂ ಅಪಾಯ ಗೊತ್ತಿತ್ತು, ಪತ್ರವೂ ಬರೆಯಲಾಗಿತ್ತು. ಇಲ್ಲದಿದ್ದದ್ದು, ಅದನ್ನು ಓದಿ ಬೆಟ್ಟ ಹತ್ತಿ ನೋಡಲೇಬೇಕಾದ ಕರ್ತವ್ಯವಿದ್ದ ಒಬ್ಬ ವ್ಯಕ್ತಿ. ಆ ವ್ಯಕ್ತಿಯನ್ನು ನೇಮಿಸಲು ನಾವು ದುರಂತಕ್ಕಾಗಿ ಕಾಯಬೇಕಾಗಿಲ್ಲ.