ಗೃಹಸ್ಥರ ಗಣಕ ವಿಚಾರ: ನೆಚ್ಚಲಾಗದ ಪೆನ್‌ಡ್ರೈವು

ಮದುವೆಯ ಛಾಯಾಚಿತ್ರಗಳು, ಮಕ್ಕಳ ಅಂಕಪಟ್ಟಿಗಳು, ಜಮೀನಿನ ಪಹಣಿ, ಇವೆಲ್ಲವನ್ನೂ ಹೆಬ್ಬೆರಳಿನಷ್ಟಿರುವ ಪೆನ್‌ಡ್ರೈವಿನಲ್ಲಿ ತುಂಬಿಡುವುದು ಈಗ ಅನೇಕ ಮನೆಗಳ ವಾಡಿಕೆ. ಭೇರ್ಯದಿಂದ ಕೃಷ್ಣರಾಜನಗರಕ್ಕೆ ಕಾಗದಗಳನ್ನು ಮುದ್ರಿಸಿಕೊಳ್ಳಲು ಹೋಗುವವರ ಕಿಸೆಯಲ್ಲಿಯೂ ಅದು ಇರುವುದುಂಟು. ಆದರೆ ಅದು ಇಂದು ತೆರೆದುಕೊಂಡು ನಾಳೆ ತೆರೆಯದೆ ಹೋದರೆ ಏನು ಮಾಡತಕ್ಕದ್ದು? ಲಿನಕ್ಸ್ ಗಣಕವುಳ್ಳ ವಾಚಕರಿಗಾಗಿ ಈ ವಿಚಾರವನ್ನು ಬರೆದಿದೆ. ಕೇರಳದ ಶಾಲೆಗಳಲ್ಲಿ ಲಿನಕ್ಸೇ ಬಳಕೆಯಲ್ಲಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಇದು ಉಪಯುಕ್ತವಾದೀತು.

ಮೊದಲನೆಯದಾಗಿ, ಕಳೆದುಹೋದರೆ ಮರಳಿ ದೊರೆಯದಿರುವುದು ಯಾವುದೆಂದು ಯೋಚಿಸಬೇಕು. ಪಹಣಿಯನ್ನು ‘ಭೂಮಿ’ ಯೋಜನೆಯ ಮೂಲಕ ಪುನಃ ಪಡೆಯಬಹುದು. ಗತಿಸಿದ ಅಜ್ಜಿಯ ಧ್ವನಿಯನ್ನು ಪಡೆಯಲಾಗದು. ಆದುದರಿಂದ ಪೆನ್‌ಡ್ರೈವು ಒಮ್ಮೆ ತೆರೆದುಕೊಂಡರೂ ಸಾಕು, ದುರಸ್ತಿಗೆ ಮುನ್ನ ಪ್ರತಿಯನ್ನು ತೆಗೆದುಕೊಳ್ಳತಕ್ಕದ್ದು. ‘ಫಾರ್ಮ್ಯಾಟ್ ಮಾಡಲೇ?’ ಎಂದು ಗಣಕವು ಕೇಳಿದರೆ ಒಪ್ಪಕೂಡದು.

ಬಳಿಕ ದೋಷವು ಎಲ್ಲಿದೆಯೆಂದು ಅರಿಯಬೇಕು. ನಡುವಿನ ಹಬ್ಬನ್ನೂ ಉದ್ದನೆಯ ತಂತಿಯನ್ನೂ ಬಿಟ್ಟು, ಗಣಕದ ಬೇರೊಂದು ರಂಧ್ರಕ್ಕೆ ನೇರವಾಗಿ ಚುಚ್ಚಿ ನೋಡಿರಿ. ಹಳೆಯ ಯುಎಸ್‌ಬಿ 2.0 ರಂಧ್ರವು 500 ಮಿಲಿಆಂಪಿಯರ್‌ಗಳಷ್ಟು ವಿದ್ಯುತ್ತನ್ನು ಒದಗಿಸುವಂಥದು. ಅದನ್ನು ಹಲವು ಸಾಧನಗಳು ಹಂಚಿಕೊಂಡರೆ ಒಂದಕ್ಕೆ ಸಾಲದೆ ಬರುವುದು ಸಹಜ. ಅನಂತರ ಟರ್ಮಿನಲ್ಲಿನಲ್ಲಿ ‘ಸುಡೊ’ ಎಂದೂ, ಬಳಿಕ ಡಿ-ಎಂ-ಇ-ಎಸ್-ಜಿ ಎಂಬ ಐದು ಅಕ್ಷರಗಳನ್ನೂ ಆಂಗ್ಲ ಲಿಪಿಯಲ್ಲಿ ಬರೆದರೆ ಲಿನಕ್ಸಿನ ದಿನಚರಿಯು ಕಾಣಿಸುತ್ತದೆ. ಅದರ ಕೊನೆಯಲ್ಲಿ ‘ಡಿಸ್‌ಕನೆಕ್ಟ್’ ಎಂದು ಪದೇ ಪದೇ ಕಂಡರೆ ಸಂಪರ್ಕವು ಕಡಿಯುತ್ತಿದೆ. ‘ಐ-ಓ ಎರರ್’ ಎಂಬುದು ಪ್ರತಿಯೊಂದು ರಂಧ್ರದಲ್ಲಿಯೂ ಕಂಡರೆ ಪೆನ್‌ಡ್ರೈವೇ ಕೆಟ್ಟಿರುವ ಸಂಭವ ಹೆಚ್ಚು. ಆಗ ‘ಡಿಡಿ-ರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶದಿಂದ ಪ್ರತಿ ತೆಗೆಯಬಹುದು. ಅದು ಮೊದಲು ಚೆನ್ನಾಗಿರುವ ಭಾಗಗಳನ್ನು ಓದಿ, ಅನಂತರವೇ ಕೆಟ್ಟ ಭಾಗಗಳ ಬಳಿಗೆ ಮರಳುತ್ತದೆ.

ಬಹಳ ವೇಳೆ ತಪ್ಪು ವಸ್ತುವಿನದಲ್ಲ, ಅವಸರದ್ದು. ಬರೆಯಬೇಕಾದುದನ್ನು ಲಿನಕ್ಸ್ ಸ್ವಲ್ಪ ಕಾಲ ತನ್ನ ನೆನಪಿನಲ್ಲಿಯೇ ಇಟ್ಟುಕೊಂಡು ಬಳಿಕ ಸಾಗಿಸುತ್ತದೆ. ಕೆಲಸ ಮುಗಿದಂತೆ ತೋರಿದಾಗಲೂ ಕಡತವು ಪೂರ್ಣವಾಗಿ ತಲುಪಿರದು. ‘ಇಜೆಕ್ಟ್’ ಒತ್ತಿ ಅನುಮತಿ ಬಂದ ಮೇಲೆಯೇ ಕೀಳಬೇಕು.

ಅಗ್ಗದ ಬೆಲೆಗೆ ಅಪಾರ ಸ್ಥಳವುಂಟೆಂದು ಮಾರುವ ನಕಲಿ ಸರಕೂ ಉಂಟು. ಅದು ತನ್ನಲ್ಲಿಲ್ಲದ ಸ್ಥಳವನ್ನು ಇದೆಯೆಂದು ಹೇಳಿಕೊಂಡು, ತುಂಬಿದ ಮೇಲೆ ಬಂದುದನ್ನು ಕಳೆದುಬಿಡುತ್ತದೆ. ಹೊಸದನ್ನು ಕೊಂಡೊಡನೆ, ಬರಿದಾಗಿರುವಾಗಲೇ, ‘ಎಫ್-3’ ಎಂಬ ತಂತ್ರಾಂಶದಿಂದ ತುಂಬಿಸಿ ಓದಿ ಪರೀಕ್ಷಿಸಬಹುದು.

ಒಳ್ಳೆಯ ಪೆನ್‌ಡ್ರೈವಿಗೂ ಆಯುಸ್ಸಿಗೆ ಮಿತಿಯುಂಟು. ಜಪಾನಿನ ಫುಜಿಯೊ ಮಸುಓಕ ಅವರು 1984ರಲ್ಲಿ ಪ್ರಕಟಪಡಿಸಿದ ಫ್ಲ್ಯಾಶ್ ಸ್ಮೃತಿಯಲ್ಲಿ ಅಕ್ಷರವು ವಿದ್ಯುದಂಶದ ರೂಪದಲ್ಲಿ ನಿಲ್ಲುತ್ತದೆ. ಪ್ರತಿ ಸಲ ಅಳಿಸಿ ಬರೆದಾಗಲೂ ಕೋಶವು ಸವೆಯುತ್ತದೆ. ಸೆಖೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಅಂಶವು ಸೋರುತ್ತದೆ. ಆದುದರಿಂದ ಪೆನ್‌ಡ್ರೈವು ಸಾಗಿಸುವ ಚೀಲವೇ ಹೊರತು ಕಾಪಿಡುವ ಕಣಜವಲ್ಲ. ಅಜ್ಜಿಯ ಧ್ವನಿಯು ಗಣಕದಲ್ಲಿ ಒಂದು, ಬೇರೆ ಮನೆಯ ಬಂಧುಗಳಲ್ಲಿ ಒಂದು ಪ್ರತಿಯಾಗಿ ಇರುವಂತೆ ಈ ವಾರವೇ ನೋಡಿಕೊಳ್ಳುವುದು ಲೇಸು.