ಯಂತ್ರದ ನಾಡಿ ಯಾರ ಕೈಯಲ್ಲಿ?

ಯಂತ್ರ ಒಮ್ಮಿಂದೊಮ್ಮೆಲೇ ಸಾಯುವುದಿಲ್ಲ. ಬೇರಿಂಗ್ ಸವೆದಂತೆ ಮೊದಲು ನಡುಕ ಹೆಚ್ಚುತ್ತದೆ, ಆಮೇಲೆ ಕಿರುಗುಡುತ್ತದೆ, ಕೊನೆಗೆ ಕಾಯ್ದು ಜಾಮಾಗುತ್ತದೆ. 1885ರಲ್ಲಿ ಹತ್ತಿ ಗಿರಣಿ ಸ್ಥಾಪನೆಯಾಗಿ, ಘಟಪ್ರಭೆಯ ಧಬಧಬೆಯಿಂದ ವಿದ್ಯುತ್ತು ಹುಟ್ಟಿದ ಗೋಕಾಕ ಫಾಲ್ಸಿನ ಸೀಮೆಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಆನಿಸಿ ರೋಗ ಹೇಳುವ ಫಿಟ್ಟರನನ್ನು ನಾವೆಲ್ಲ ಬಲ್ಲೆವು.

ಆ ಕಿವಿಗೆ ಈಗ ಒಂದು ಪುಟ್ಟ ಚಿಪ್ಪು ಜೊತೆಯಾಗಿದೆ. ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವನ್ನು ತಿರುಗಿಸುವ ಚಿಪ್ಪಿನ ಜಾತಿಯದೇ ಅದು. ಮೋಟಾರಿಗೆ ಅಂಟಿಸಿದರೆ ನಡುಕವನ್ನು ಅಳೆಯುತ್ತದೆ. ಅದಕ್ಕೊಂದು ಉಷ್ಣಮಾಪಕ, ಲೆಕ್ಕ ಮಾಡಿ ಸುದ್ದಿ ಕಳಿಸುವ ಇಎಸ್‌ಪಿ32 ಎಂಬ ಬಿಲ್ಲೆ. ಬಿಡಿ ಸಾಮಾನುಗಳ ಬೆಲೆ ಸುಮಾರು ಸಾವಿರ ರೂಪಾಯಿ. ನಿಮಿಷಕ್ಕೆ 1440 ಸುತ್ತುವ ಮೋಟಾರು ಸೆಕೆಂಡಿಗೆ 24 ಸುತ್ತುತ್ತದೆ. ನಡುಕವೂ ಆ 24ರ ತಾಳದಲ್ಲೇ ಬಲಿತರೆ ತೂಕ ತಪ್ಪಿದೆಯೆಂಬ ಶಂಕೆ. ಬೇರಿಂಗು ಒಡೆದಿದ್ದರೆ ಅದಕ್ಕಿಂತ ಚುರುಕಾದ ಬೇರೆ ಪೆಟ್ಟುಗಳು ಕಾಣುತ್ತವೆ.

ಅಂಕಲಗಿಯ ಹಿಟ್ಟಿನ ಗಿರಣಿಯವರಿಗೂ ಇದು ಎಟುಕುವ ವಸ್ತು. ಮೋಟಾರು ಸುಟ್ಟರೆ ರಿವೈಂಡಿಂಗಿನ ಖರ್ಚು ಒಂದೆಡೆ, ಜೋಳ ಹೊತ್ತು ಬಂದ ಗಿರಾಕಿ ಮುಂದಿನ ಗಿರಣಿಗೆ ಹೋಗುವುದು ಇನ್ನೊಂದೆಡೆ. ಐಟಿಐ, ಪಾಲಿಟೆಕ್ನಿಕ್ ಕಲಿತ ನಮ್ಮ ಹುಡುಗರೇ ಇದನ್ನು ಜೋಡಿಸಬಲ್ಲರು. ದುಬಾರಿ ಪೆಟ್ಟಿಗೆಯೇ ಬೇಕೆನ್ನುವ ದಲ್ಲಾಳಿಯ ಮಾತಿಗೆ ಮರುಳಾಗಬೇಡಿರಿ. ಹಾಗೆಂದು ಅಗ್ಗದ ಚಿಪ್ಪು ಸರ್ವಜ್ಞನೂ ಅಲ್ಲ. ತೀರ ಆರಂಭದ ಬಿರುಕು ಅದಕ್ಕೆ ತಪ್ಪಬಹುದು. ಬಾಯ್ಲರಿನ ಸೇಫ್ಟಿ ವಾಲ್ವಿಗೆ, ತಪಾಸಣೆಗೆ ಅದು ಬದಲಿಯಾಗದು.

ಕಾರ್ಮಿಕ ಬಂಧುಗಳೇ, ನಿಜವಾದ ಪ್ರಶ್ನೆ ಇಲ್ಲಿದೆ: ಅಳತೆಯ ಲೆಕ್ಕ ಯಾರ ಕೈ ಸೇರುತ್ತದೆ? ಮೋಟಾರು ಎಳೆಯುವ ಕರೆಂಟನ್ನು ಅಳೆಯುವ ಉಪಕರಣ ಅದರ ರೋಗವನ್ನು ಹೇಳುತ್ತದೆ; ಮಗ್ಗ ಎಷ್ಟು ನಿಮಿಷ ನಿಂತಿತೆಂಬುದನ್ನೂ ಹೇಳುತ್ತದೆ. ನಿಂತದ್ದು ಹಳೆಯ ಬೇರಿಂಗಿನಿಂದಲೋ, ನೀರು ಕುಡಿಯಲು ಹೋದವನಿಂದಲೋ ಎಂಬುದನ್ನು ಮಾತ್ರ ಹೇಳುವುದಿಲ್ಲ. ಲೆಕ್ಕವನ್ನು ಮಾಲಕನೊಬ್ಬನೇ ನೋಡಿದರೆ ತಪ್ಪು ಯಾರ ತಲೆಗೆ ಬರುವುದೆಂದು ಬಿಡಿಸಿ ಹೇಳಬೇಕೇ?

ಅಳತೆ ಇದ್ದ ಮಾತ್ರಕ್ಕೆ ಜೀವ ಉಳಿಯದು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ಸಾವಿರಾರು ಜನರನ್ನು ಕೊಂದಿತು. ಆ ವಿಷದ ಟಾಕಿಯನ್ನು ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಆ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ಅಪಾಯಕಾರಿ ಉದ್ಯಮಗಳಲ್ಲಿ ಎದುರಾದ ಗಂಡಾಂತರವನ್ನು ಎತ್ತಿ ಹೇಳುವ ಹಕ್ಕನ್ನು ಕಾರ್ಮಿಕನಿಗೆ ಕೊಡಲಾಯಿತು. ಉದ್ಯಮದ ಆಡಳಿತದಲ್ಲಿ ಕಾರ್ಮಿಕರು ಭಾಗಿಗಳಾಗಬೇಕೆಂದು 1976ರಲ್ಲಿ ಸಂವಿಧಾನಕ್ಕೆ ಸೇರಿದ 43ಎ ವಿಧಿ ಸಾರುತ್ತದೆ. ಲೆಕ್ಕವನ್ನೇ ಕಾಣದವನು ಎಂಥ ಭಾಗಿ?

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಅಳತೆಯ ಫಲಕ ಪ್ರತಿ ಪಾಳಿಯ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಇರಲಿ. ಎಷ್ಟು ನಡುಕಕ್ಕೆ ಕೆಂಪು ದೀಪ ಹತ್ತಬೇಕೆಂಬುದನ್ನು ಹಳೆಯ ಫಿಟ್ಟರರ ಜೊತೆ ಕುಳಿತು ನಿಶ್ಚಯಿಸಲಿ. ಕೆಂಪು ದೀಪ ಹತ್ತಿದಾಗ ಯಂತ್ರ ನಿಲ್ಲಿಸಿದವನ ಪಗಾರದಲ್ಲಿ ಒಂದು ಪೈಸೆಯನ್ನೂ ಮುರಿಯದಿರಲಿ. ಇವನ್ನು ಒಪ್ಪಿ ಬರೆದುಕೊಡುವ ಮಾಲಕನ ಗಿರಣಿಗೆ ಆ ಚಿಪ್ಪು ಧಾರಾಳವಾಗಿ ಬರಲಿ. ಒಪ್ಪದವನು ಯಂತ್ರದ ಆರೋಗ್ಯದ ಹೆಸರಿನಲ್ಲಿ ತರುತ್ತಿರುವುದು ಹೊಸ ಮುಕಾದಮನನ್ನು ಎಂದೇ ನಾವು ತಿಳಿಯುತ್ತೇವೆ.